ಬನಿಯನ್ ಹೆಣೆಯುವ ದುಂಡು ಯಂತ್ರ

ತಿರುಪ್ಪೂರಿನ ಬನಿಯನ್ ಬಟ್ಟೆ ಮಗ್ಗದ ಮುಖ ಕಂಡಿರುವುದಿಲ್ಲ. ನೇಯ್ಗೆಗೆ ಹಾಸು, ಹೊಕ್ಕು ಎರಡೂ ಬೇಕು; ಹೆಣಿಗೆಗೆ ಒಂದೇ ನೂಲು ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತಾ ಹೋದರೆ ಬಟ್ಟೆ ಬೆಳೆಯುತ್ತದೆ. ಕೇಬಲ್‌ನಿಂದ ಜೋಡಿಸಿದ ಎರಡು ಕಡ್ಡಿಗಳಲ್ಲಿ ಸ್ವೆಟರ್ ಹೆಣೆಯುವವರು ಸಾಲು ಮುಗಿದಾಗ ಹೆಣಿಗೆಯನ್ನು ಹಿಂದುಮುಂದಾಗಿ ತಿರುಗಿಸದೆ ಸುತ್ತುತ್ತಲೇ ಹೋಗುತ್ತಾರೆ. ಬಟ್ಟೆ ಕೊಳವೆಯಾಗಿ ಇಳಿಯುತ್ತದೆ. ದುಂಡು ಯಂತ್ರದ ಕೆಲಸವೂ ಇದೇ.

ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ರಚಿಸಿದ ಹೆಣಿಗೆ ಯಂತ್ರದಿಂದ ಚಪ್ಪಟೆ ಬಟ್ಟೆ ಬರುತ್ತಿತ್ತು. ಅದನ್ನು ಹೊಲಿದರೇ ಕಾಲುಚೀಲ. ದುಂಡಗೆ ಹೆಣೆಯುವ ಯಂತ್ರಕ್ಕೆ ಮಾರ್ಕ್ ಬ್ರೂನೆಲ್ 1816ರಲ್ಲಿ ಪೇಟೆಂಟ್ ಪಡೆದ. ಆದರೆ ಯಂತ್ರಕ್ಕೆ ನಿಜವಾದ ವೇಗ ತಂದದ್ದು ಲೆಸ್ಟರಿನ ಮ್ಯಾಥ್ಯೂ ಟೌನ್‌ಸೆಂಡ್ 1847ರಲ್ಲಿ ರೂಪಿಸಿದ ಸೂಜಿ.

ಈ ಸೂಜಿಯ ತುದಿಯಲ್ಲಿ ಕೊಕ್ಕೆ, ಅದರ ಕೆಳಗೆ ಬಾಗಿಲಿನಂತೆ ತೆರೆದು ಮುಚ್ಚುವ ಪುಟ್ಟ ನಾಲಿಗೆ. ಸೂಜಿ ಮೇಲೇರುವಾಗ ಕೊಕ್ಕೆಯಲ್ಲಿದ್ದ ಹಳೆಯ ಕುಣಿಕೆ ನಾಲಿಗೆಯನ್ನು ಬಿಚ್ಚಿ ಕೆಳಗೆ ಜಾರುತ್ತದೆ. ಖಾಲಿಯಾದ ಕೊಕ್ಕೆಗೆ ಹೊಸ ನೂಲು ಸಿಗುತ್ತದೆ. ಸೂಜಿ ಇಳಿಯುವಾಗ ಅದೇ ಹಳೆಯ ಕುಣಿಕೆ ನಾಲಿಗೆಯನ್ನು ಮೇಲೆ ದೂಡಿ ಕೊಕ್ಕೆಯ ಬಾಯಿ ಮುಚ್ಚಿಸಿ, ತಾನು ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ. ಹೊಸ ನೂಲು ಅದರೊಳಗಿಂದ ಹಾದು ಮುಂದಿನ ಕುಣಿಕೆಯಾಗುತ್ತದೆ. ನಾಲಿಗೆಗೆ ಬೇರೆ ಸನ್ನೆ, ಸ್ಪ್ರಿಂಗ್ ಯಾವುದೂ ಬೇಡ. ಅದನ್ನು ಆಡಿಸುವುದು ಬಟ್ಟೆಯೇ, ಜಾಣತನವಿರುವುದು ಅಲ್ಲಿ.

ದುಂಡು ಯಂತ್ರದಲ್ಲಿ ಈ ಸೂಜಿಗಳು ಸಿಲಿಂಡರಿನ ಸುತ್ತ ತೋಡುಗಳಲ್ಲಿ ನಿಂತಿರುತ್ತವೆ. ಸಿಲಿಂಡರ್ ತಿರುಗಿದಂತೆ, ಕ್ಯಾಮ್ ಎಂಬ ಅಲುಗದ ಹಳಿಗಳ ಏರಿಳಿತ ಅವನ್ನು ಒಂದರ ಹಿಂದೊಂದರಂತೆ ಎತ್ತಿ ಇಳಿಸುತ್ತದೆ. 30 ಅಂಗುಲ ವ್ಯಾಸದ, ಅಂಗುಲಕ್ಕೆ 24 ಸೂಜಿಯ ಯಂತ್ರದಲ್ಲಿ ಸುಮಾರು 2,260 ಸೂಜಿಗಳು. ನೂಲು ಉಣಿಸುವ ಫೀಡರ್‌ಗಳು 90 ಇದ್ದು, ನಿಮಿಷಕ್ಕೆ 25 ಸುತ್ತು ತಿರುಗಿದರೆ ಆ ಒಂದು ನಿಮಿಷದಲ್ಲಿ 50 ಲಕ್ಷ ಕುಣಿಕೆಗಳು ಮೂಡುತ್ತವೆ.

ಹೀಗೆ ಬಂದ ಕೊಳವೆಯಲ್ಲಿ ಮುಚ್ಚಿದ ಬಳೆಯಂಥ ಸಾಲು ಒಂದೂ ಇರುವುದಿಲ್ಲ, ನೂಲು ಸುರುಳಿಯಾಗಿ ಸಾಗುತ್ತದೆ. ಕೈಹೆಣಿಗೆಯಲ್ಲೂ ಸುತ್ತು ಮುಗಿದ ಜಾಗ ಶುರುವಾದದ್ದಕ್ಕಿಂತ ಒಂದು ಸಾಲು ಮೇಲಿರುತ್ತದೆ. ಬಣ್ಣದ ಪಟ್ಟೆ ಹಾಕಿದಾಗ ಆ ಮೆಟ್ಟಿಲು ಎದ್ದು ಕಾಣುತ್ತದೆ. 90 ಫೀಡರಿನ ಯಂತ್ರದಲ್ಲಿ ಮೆಟ್ಟಿಲು 90 ಸಾಲಿನಷ್ಟು. ಬಟ್ಟೆಯಲ್ಲಿ ಅಂಗುಲಕ್ಕೆ 45 ಸಾಲುಗಳಿದ್ದರೆ, ಪ್ರತಿ ನೂಲೂ ಒಂದು ಸುತ್ತಿಗೆ ಎರಡು ಅಂಗುಲ ಓರೆಯಾಗಿ ಸಾಗುತ್ತದೆ. ಇದರ ಜತೆಗೆ ನೂಲಿನ ಹುರಿ ಬಿಚ್ಚಿಕೊಳ್ಳಲು ಹವಣಿಸಿ ಕುಣಿಕೆಗಳನ್ನು ವಾಲಿಸುತ್ತದೆ. ಅಗ್ಗದ ಟೀ ಶರ್ಟಿನ ಬದಿಯ ಹೊಲಿಗೆ ಒಗೆದ ಮೇಲೆ ಹೊಟ್ಟೆಯ ಕಡೆಗೆ ತಿರುಗುವುದು ಇದರಿಂದಲೇ. ಎರಡೆಳೆಯ ಸಮತೋಲದ ನೂಲು ಬಳಸಿದರೆ ಈ ತಿರುಚು ತಗ್ಗುತ್ತದೆ, ಬೆಲೆ ಏರುತ್ತದೆ.

ಎದೆಯಳತೆಗೆ ಹೊಂದುವ ಸಿಲಿಂಡರಿನಲ್ಲಿ ಹೆಣೆದ ಬನಿಯನ್ನಿಗೆ ಬದಿಯ ಹೊಲಿಗೆಯೇ ಬೇಡ. ದೊಡ್ಡ ಯಂತ್ರದ ಕೊಳವೆಯನ್ನು ಸೀಳಿ, ಹರಡಿ, ಕತ್ತರಿಸುತ್ತಾರೆ. ದೋಷ ಹುಡುಕುವುದಕ್ಕೂ ಈ ಸುರುಳಿಯೇ ದಾರಿ ತೋರುತ್ತದೆ. ಬಟ್ಟೆಯ ಉದ್ದಕ್ಕೂ ನೇರ ಗೆರೆಯೊಂದು ಬಿದ್ದಿದ್ದರೆ ಒಂದು ಸೂಜಿ ಸವೆದಿದೆ ಎಂದರ್ಥ. ಅಡ್ಡಲಾಗಿ, ಎರಡೆರಡು ಅಂಗುಲಕ್ಕೊಮ್ಮೆ ಮಸುಕು ಪಟ್ಟೆ ಮರುಕಳಿಸಿದರೆ ಸೂಜಿಗಳನ್ನು ತಡಕುವ ಅಗತ್ಯವಿಲ್ಲ. 90 ಫೀಡರ್‌ಗಳಲ್ಲಿ ಯಾವುದೋ ಒಂದಕ್ಕೆ ಬೇರೆ ನೂಲಿನ ಉಂಡೆ ಸೇರಿಕೊಂಡಿರುತ್ತದೆ, ಇಲ್ಲವೇ ಅಲ್ಲಿ ನೂಲಿನ ಬಿಗಿ ತಪ್ಪಿರುತ್ತದೆ.