ಬಾಯಿಬಿಡದ ನಾಯಕನನ್ನು ಕೂಡಿ ಆಡುವ ಆಟಕ್ಕೆ ತರುವುದು: ಕ್ಯಾಪ್ಟನ್ ನೆಮೊ ಪಾತ್ರದ ಆನ್‌ಲೈನ್ ಪಾತ್ರಾಭಿನಯ

ಪಾತ್ರಾಭಿನಯವನ್ನು ನಾವು ಬೋಧನಾ ತಂತ್ರಗಳ ಪಟ್ಟಿಯಲ್ಲಿ ಕಲಿಸುತ್ತೇವೆ. ಪಾಠ ಯೋಜನೆಯ ‘ಚಟುವಟಿಕೆ’ ಅಂಕಣದಲ್ಲಿ ಒಮ್ಮೆಯಾದರೂ ಅದನ್ನು ಬರೆಯದ ಪ್ರಶಿಕ್ಷಣಾರ್ಥಿ ವಿರಳ. ಆದರೆ ಅಲ್ಲಿ ಬರುವವರು ಹೆಚ್ಚಾಗಿ ಮಾತಾಡುವ ಪಾತ್ರಗಳು: ರಾಜ, ಮಂತ್ರಿ, ವ್ಯಾಪಾರಿ, ವೈದ್ಯ. ತನ್ನ ಹಿಂದಿನ ಬದುಕನ್ನು ಮುಚ್ಚಿಟ್ಟುಕೊಂಡ, ಒಳ್ಳೆಯವನೋ ಕೆಟ್ಟವನೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದ ಪಾತ್ರವನ್ನು ಹಲವರು ಕೂಡಿ ಆಡುವ ಆಟಕ್ಕೆ ತರುವುದು ಹೇಗೆ? ಭಾಷಾ ಬೋಧನಾ ಪದ್ಧತಿಯ ತರಗತಿಯಲ್ಲಿ ಪ್ರಶಿಕ್ಷಣಾರ್ಥಿಗಳೊಂದಿಗೆ, ಅನಂತರ ಅವರ ಅಭ್ಯಾಸ ಬೋಧನೆಯ 9ನೆಯ ತರಗತಿಗಳಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನು ಇಲ್ಲಿ ವಿವರಿಸುತ್ತೇನೆ. ಉದಾಹರಣೆಗೆ ತೆಗೆದುಕೊಂಡ ಪಾತ್ರ ಫ್ರೆಂಚ್ ಲೇಖಕ ಜೂಲ್ಸ್ ವರ್ನ್ ಸೃಷ್ಟಿಸಿದ ಕ್ಯಾಪ್ಟನ್ ನೆಮೊ.

ಆನ್‌ಲೈನ್ ಪಾತ್ರಾಭಿನಯ ಎಂದರೇನು?

ಇದು ಬರೆಯುತ್ತಾ ಆಡುವ ಆಟ. ಐದಾರು ಜನ ಒಂದೇ ಕಡತವನ್ನು ತಮ್ಮ ತಮ್ಮ ತೆರೆಯ ಮೇಲೆ ತೆರೆದುಕೊಂಡು, ತಲಾ ಒಂದು ಪಾತ್ರವನ್ನು ವಹಿಸಿಕೊಂಡು, ಸರದಿಯಂತೆ ಆ ಪಾತ್ರದ ಮಾತು ಮತ್ತು ನಡೆಯನ್ನು ಬರೆಯುತ್ತಾರೆ. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಯಾರೊಬ್ಬರ ಕೈಯಲ್ಲೂ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಹಲವರು ಒಂದೇ ಕಲ್ಪಿತ ಲೋಕವನ್ನು ಪ್ರವೇಶಿಸಿ ಅಕ್ಷರಗಳ ಮೂಲಕವೇ ಆಡುವ ‘ಮಡ್’ ಎಂಬ ಆಟವನ್ನು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ 1978ರ ಹೊತ್ತಿಗೇ ರೂಪಿಸಿದ್ದರು.

ನಮ್ಮವರಿಗೆ ಇದರ ಗುಣ ತೀರ ಹೊಸತಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಪ್ರಸಂಗ ಎಲ್ಲರಿಗೂ ಗೊತ್ತು, ಆದರೆ ಎದುರಿನವರು ಯಾವ ಮಾತು ಎಸೆಯುತ್ತಾರೆ ಎಂಬುದು ಗೊತ್ತಿಲ್ಲ. ಆನ್‌ಲೈನ್ ಪಾತ್ರಾಭಿನಯದಲ್ಲಿ ಬಾಯಿಮಾತಿನ ಬದಲು ಬರೆಹವಿದೆ. ಹಾಡುವ ಭಾಗವತರ ಬದಲು ಆಟದ ಓಟವನ್ನು ಹಿಡಿದಿಡುವ ಶಿಕ್ಷಕರಿದ್ದಾರೆ.

ನೆಮೊ ಯಾರು?

ವರ್ನ್‌ನ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ 1869–70ರಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ನಾಟಿಲಸ್ ಎಂಬ ಜಲಾಂತರ್ಗಾಮಿಯ ಒಡೆಯ ನೆಮೊ. ಲ್ಯಾಟಿನ್ ಭಾಷೆಯಲ್ಲಿ ಆ ಹೆಸರಿಗೆ ‘ಯಾರೂ ಅಲ್ಲ’ ಎಂದರ್ಥ. ಅವನ ದೇಶ ಯಾವುದು, ಹಡಗಿನವರು ತಮ್ಮೊಳಗೆ ಆಡುವ ಭಾಷೆ ಯಾವುದು ಎಂಬುದು ಕಾದಂಬರಿ ಮುಗಿದರೂ ತಿಳಿಯುವುದಿಲ್ಲ. ಸಿಂಹಳದ ಮುತ್ತಿನ ಕಡಲಿನಲ್ಲಿ ಬಡ ಮುಳುಗುಗಾರನೊಬ್ಬನನ್ನು ಶಾರ್ಕ್ ಮೀನಿನಿಂದ ಕಾಪಾಡಿ, ಅವನ ಕೈಗೆ ಮುತ್ತಿನ ಚೀಲ ಕೊಟ್ಟು ಕಳಿಸುವವನು ಇವನೇ. ಯುದ್ಧನೌಕೆಯೊಂದನ್ನು ಅದರಲ್ಲಿದ್ದವರ ಸಮೇತ ಮುಳುಗಿಸಿ, ಅನಂತರ ಒಬ್ಬ ಹೆಂಗಸು ಮತ್ತು ಇಬ್ಬರು ಮಕ್ಕಳ ಚಿತ್ರದ ಮುಂದೆ ಮಂಡಿಯೂರಿ ಅಳುವವನೂ ಇವನೇ. ಖಳನೂ ಅಲ್ಲದ, ಆದರ್ಶ ನಾಯಕನೂ ಅಲ್ಲದ ಇಂಥವರನ್ನು ಇಂದು ಆಂಟಿಹೀರೋ ಎನ್ನುತ್ತೇವೆ.

ಗುಟ್ಟು ಬಯಲಾಗುವುದು 1874–75ರಲ್ಲಿ ಬಂದ ‘ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ. ನೆಮೊ ಬುಂದೇಲಖಂಡದ ರಾಜಕುಮಾರ ದಕ್ಕಾರ್. 1857ರ ದಂಗೆಯಲ್ಲಿ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಕೆಲವೇ ಸಂಗಾತಿಗಳೊಂದಿಗೆ ಕಡಲಿನ ಕೆಳಗೆ ಸೇರಿದವನು. ವರ್ನ್ ಅವನನ್ನು ಟಿಪ್ಪು ಸುಲ್ತಾನನ ಸೋದರ ಸಂಬಂಧದ ಮಗನೆಂದೂ ಹೇಳುತ್ತಾನೆ. ಇದು ಪೂರ್ತಿ ಕಲ್ಪನೆ ಎಂಬುದನ್ನು ತರಗತಿಯಲ್ಲಿ ಮೊದಲೇ ಹೇಳಬೇಕು. ಜೊತೆಗೆ ಒಂದು ಸಣ್ಣ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. ಕಾದಂಬರಿಯ ಪ್ರಕಾರ ದಕ್ಕಾರ್ ಮೂವತ್ತರ ವಯಸ್ಸಿನಲ್ಲಿ, 1849ರಲ್ಲಿ, ಯುರೋಪಿನಿಂದ ಮರಳುತ್ತಾನೆ. ಅಂದರೆ ಹುಟ್ಟಿದ್ದು 1819ರ ಸುಮಾರಿಗೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರಲ್ಲಿ. ಕಥೆಗಾರ ಚರಿತ್ರೆಯಿಂದ ಹೆಸರನ್ನು ಪಡೆಯುವುದಕ್ಕೂ ಚರಿತ್ರೆಯನ್ನೇ ಬರೆಯುವುದಕ್ಕೂ ಇರುವ ವ್ಯತ್ಯಾಸ ಈ ಲೆಕ್ಕದಿಂದ ಅವರಿಗೆ ಸುಲಭವಾಗಿ ಹೊಳೆಯುತ್ತದೆ.

ತೊಡಕು ಎಲ್ಲಿದೆ?

ಕಾದಂಬರಿಯಲ್ಲಿ ನೆಮೊ ಮೌನವಾಗಿರಲು ಎರಡು ಅನುಕೂಲಗಳಿವೆ. ಅವನನ್ನು ನಮಗೆ ತೋರಿಸಲು ಪ್ರೊಫೆಸರ್ ಅರೊನಾಕ್ಸ್ ಎಂಬ ನಿರೂಪಕನಿದ್ದಾನೆ. ಅರೊನಾಕ್ಸ್ ಮತ್ತು ಅವನ ಇಬ್ಬರು ಸಂಗಡಿಗರು ಸೆರೆಯಾಳುಗಳಾದ್ದರಿಂದ ಹಡಗು ಬಿಟ್ಟು ಹೋಗುವಂತೆಯೂ ಇಲ್ಲ. ಕೂಡಿ ಆಡುವ ಆಟದಲ್ಲಿ ಇವೆರಡೂ ಇಲ್ಲ. ಉಳಿದ ಐವರೂ ಸ್ವತಂತ್ರರು. ಬೇಸರವಾದರೆ ತಮ್ಮ ಪಾತ್ರವನ್ನು ಬೇರೆ ಕಡೆ ನಡೆಸಿಕೊಂಡು ಹೋಗುತ್ತಾರೆ.

ಸೂಚನೆ ಕೊಡದೆ ಬಿಟ್ಟರೆ ಆಟ ಎರಡು ರೀತಿಯಲ್ಲಿ ಕೆಡುವುದನ್ನು ನೋಡಿದ್ದೇನೆ. ಒಂದು, ನೆಮೊ ಪಾತ್ರದ ವಿದ್ಯಾರ್ಥಿ ಪ್ರತಿ ಸರದಿಯಲ್ಲೂ ‘ನೆಮೊ ಏನೂ ಹೇಳಲಿಲ್ಲ’ ಎಂದು ಬರೆಯುತ್ತಾನೆ. ಮುಂದಿನವನಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಎರಡು, ಎಲ್ಲರೂ ತಮ್ಮ ಕೆಲಸ ಬಿಟ್ಟು ಅವನ ಗುಟ್ಟನ್ನು ಕೆದಕುವುದಕ್ಕೇ ಇಳಿಯುತ್ತಾರೆ. ಆರು ಜನರ ಆಟ ಒಬ್ಬನ ಸುತ್ತ ಗಿರಕಿ ಹೊಡೆಯುತ್ತದೆ. ಎರಡರಲ್ಲೂ ಉಳಿದ ಮಕ್ಕಳ ಬರವಣಿಗೆ ನಿಂತುಹೋಗುತ್ತದೆ. ಕಲಿಕೆಯ ದೃಷ್ಟಿಯಿಂದ ನಷ್ಟ ಅದೇ.

ಗುಟ್ಟು ಯಾರಿಂದ?

ಪರಿಹಾರದ ತಿರುಳು ಒಂದೇ: ಗುಟ್ಟನ್ನು ಪಾತ್ರಗಳಿಂದ ಮುಚ್ಚಬೇಕು, ಆಡುವವರಿಂದ ಮುಚ್ಚಬಾರದು.

ವಿರಾಟಪರ್ವದ ಅಜ್ಞಾತವಾಸವನ್ನು ನೆನೆಯಿರಿ. ಬೃಹನ್ನಳೆ ಅರ್ಜುನನೆಂದು, ವಲಲ ಭೀಮನೆಂದು ನೋಡುವವರಿಗೆಲ್ಲ ಗೊತ್ತು. ವಿರಾಟನಿಗೆ ಮಾತ್ರ ಗೊತ್ತಿಲ್ಲ. ಆದರೂ ನಮ್ಮ ಕುತೂಹಲ ಕಡಿಮೆಯಾಗುವುದಿಲ್ಲ. ಇವನು ಯಾರು ಎಂಬ ಪ್ರಶ್ನೆಯ ಜಾಗದಲ್ಲಿ ಈಗ ಇವನು ಏನು ಮಾಡುತ್ತಾನೆ, ಎಷ್ಟು ಹೊತ್ತು ತಡೆದುಕೊಳ್ಳುತ್ತಾನೆ ಎಂಬ ಪ್ರಶ್ನೆ ನಿಲ್ಲುತ್ತದೆ. ಕೀಚಕನ ವಧೆಯಲ್ಲಿ, ಉತ್ತರನ ರಥ ನಡೆಸುವುದರಲ್ಲಿ ಗುಟ್ಟು ಮಾತಿನಿಂದಲ್ಲ, ಕೃತಿಯಿಂದ ಸೋರುತ್ತದೆ.

ಆದ್ದರಿಂದ ಆಟಕ್ಕೆ ಮುಂಚೆ ನೆಮೊ ಪಾತ್ರದ ವಿದ್ಯಾರ್ಥಿ ಒಂದು ‘ಗುಟ್ಟಿನ ಚೀಟಿ’ ಬರೆದು ಗುಂಪಿನ ಎಲ್ಲರಿಗೂ ಓದಿ ಹೇಳುತ್ತಾನೆ: ನಾನು ಯಾರು, ಏನು ಕಳೆದುಕೊಂಡೆ, ಏನು ಮಾಡಿದೆ, ಯಾವುದನ್ನು ಯಾರಿಗೂ ಹೇಳಲಾರೆ. ಇದನ್ನು ತಿಳಿದ ಮೇಲೂ ತಿಳಿಯದವರಂತೆ ಬರೆಯುವುದು ಉಳಿದವರ ಕೆಲಸ. ತನಗೆ ಗೊತ್ತಿರುವುದು ಮತ್ತು ತನ್ನ ಪಾತ್ರಕ್ಕೆ ಗೊತ್ತಿರುವುದು ಬೇರೆ ಬೇರೆ ಎಂದು ಗೆರೆ ಎಳೆದುಕೊಳ್ಳುವುದು ಈ ವಯಸ್ಸಿನ ಮಕ್ಕಳಿಗೆ ಒಳ್ಳೆಯ ಕಸರತ್ತು. ಕಥೆ ಓದುವಾಗ ನಿರೂಪಕನ ದೃಷ್ಟಿಕೋನವನ್ನು ಗುರುತಿಸಲೂ ಇದೇ ಸಾಮರ್ಥ್ಯ ಬೇಕು.

ಸನ್ನಿವೇಶವನ್ನು ಆರಿಸುವುದು

ಯಾವ ನೆಮೊವನ್ನು ತರಬೇಕು? ಮೊದಲ ಕಾದಂಬರಿಯ ನೆಮೊ ಕಡಲಿನ ಸರ್ವಾಧಿಕಾರಿ; ಅವನ ಹಡಗನ್ನು ಎದುರಿಸುವವರೇ ಇಲ್ಲ. ಇಷ್ಟು ಬಲ ಒಬ್ಬನ ಕೈಗೆ ಹೋದರೆ ಉಳಿದವರಿಗೆ ಮಾಡಲು ಏನೂ ಉಳಿಯದು. ಎರಡನೆಯ ಕಾದಂಬರಿಯಲ್ಲಿ ವರ್ನ್ ತಾನೇ ನಮಗೆ ಬೇಕಾದ ಮಾರ್ಪಾಡು ಮಾಡಿಟ್ಟಿದ್ದಾನೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬಲೂನಿನಲ್ಲಿ ಪಾರಾಗಿ ಬಂದ ಐವರು ನಿರ್ಜನ ದ್ವೀಪದಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದಾರೆ. ಮುದುಕನಾದ ನೆಮೊ ಅದೇ ದ್ವೀಪದ ಗುಹೆಯಲ್ಲಿ, ಹೊರಗೆ ಹೋಗಲಾರದ ನಾಟಿಲಸ್‌ನಲ್ಲಿ, ಒಬ್ಬನೇ ಇದ್ದಾನೆ. ಅವನು ಎದುರಿಗೆ ಬರುವುದಿಲ್ಲ. ಆದರೆ ಸಲಕರಣೆ ತುಂಬಿದ ಪೆಟ್ಟಿಗೆಯೊಂದು ದಡದಲ್ಲಿ ಸಿಗುತ್ತದೆ. ಕಡಲ್ಗಳ್ಳರ ಹಡಗು ಇದ್ದಕ್ಕಿದ್ದಂತೆ ಸ್ಫೋಟಗೊಳ್ಳುತ್ತದೆ. ಜ್ವರದಲ್ಲಿ ಸಾಯುವಂತಿದ್ದ ಹುಡುಗನ ಹಾಸಿಗೆಯ ಪಕ್ಕದಲ್ಲಿ ಕ್ವಿನೈನ್ ಡಬ್ಬಿ ಕಾಣಿಸುತ್ತದೆ.

ಇಲ್ಲಿ ಎಲ್ಲರಿಗೂ ಕೆಲಸವಿದೆ: ಮನೆ ಕಟ್ಟಬೇಕು, ಆಹಾರ ಹುಡುಕಬೇಕು, ಕಾಯಿಲೆಯವರನ್ನು ನೋಡಿಕೊಳ್ಳಬೇಕು. ಗುಟ್ಟಿನವನ ಬಲಕ್ಕೆ ಮಿತಿಯಿದೆ. ಅವನಿಗೂ ಒಂದು ಅಗತ್ಯವಿದೆ: ಸಾಯುವ ಮೊದಲು ಯಾರಾದರೂ ತನ್ನ ಮಾತು ಕೇಳಬೇಕು. ಬೇರೆ ಯಾವುದೇ ಮುಚ್ಚಿದ ಪಾತ್ರವನ್ನು ಆಟಕ್ಕೆ ತರುವಾಗಲೂ ಈ ಮೂರನ್ನು ಮೊದಲು ಖಚಿತಪಡಿಸಿಕೊಳ್ಳಿ: ಉಳಿದವರಿಗೆ ಕೆಲಸ, ಅವನಿಗೆ ಮಿತಿ, ಅವನಿಗೊಂದು ಅಗತ್ಯ.

ಆಟದ ನಿಯಮಗಳು

1. ಸರದಿಯ ಬರೆಹ ನಾಲ್ಕೈದು ವಾಕ್ಯ ಮೀರಬಾರದು.

2. ಇನ್ನೊಬ್ಬರ ಪಾತ್ರ ಏನು ಮಾಡಿತು, ಏನು ಅಂದುಕೊಂಡಿತು ಎಂದು ಬರೆಯಬಾರದು. ‘ಹಗ್ಗ ಎಸೆದೆ’ ಎನ್ನಬಹುದು. ‘ಅವನು ಹಿಡಿದುಕೊಂಡ’ ಎನ್ನುವುದು ಅವನಿಗೆ ಬಿಟ್ಟದ್ದು.

3. ಪಾತ್ರದ ಹೊರಗೆ ನಿಂತು ಹೇಳಬೇಕಾದದ್ದನ್ನು ಆವರಣ ಚಿಹ್ನೆಯೊಳಗೆ ಬರೆಯಬೇಕು. ‘(ನನಗೆ ಈ ಭಾಗ ಬೇಡ)’ ಎಂದು ಯಾರೇ ಬರೆದರೂ ಕಾರಣ ಕೇಳದೆ ಕಥೆಯನ್ನು ಬೇರೆ ಕಡೆ ತಿರುಗಿಸಬೇಕು.

4. ಪ್ರತಿಯೊಬ್ಬರೂ ಮುಂದಿನವರಿಗೆ ಒಂದು ಹಿಡಿಕೆ ಬಿಟ್ಟುಕೊಡಬೇಕು: ಒಂದು ವಸ್ತು, ಒಂದು ಶಬ್ದ, ಒಂದು ಅರ್ಧ ಮಾತು. ನೆಮೊ ಪಾತ್ರಕ್ಕೆ ಇದು ಕಡ್ಡಾಯ. ಅವನು ಸುಮ್ಮನಿರಬಹುದು, ಆದರೆ ಬರಿಗೈಯಲ್ಲಿ ಸುಮ್ಮನಿರುವಂತಿಲ್ಲ.

ನಾಲ್ಕನೆಯ ನಿಯಮದ ವ್ಯತ್ಯಾಸವನ್ನು ತೋರಿಸಲು ನಾನು ಹಲಗೆಯ ಮೇಲೆ ಎರಡು ಮಾದರಿ ಬರೆಯುತ್ತೇನೆ. ಗುಹೆಯೊಳಗೆ ಬಂದ ಹುಡುಗ ‘ತಾತ, ನಿಮ್ಮ ಮನೆಯವರೆಲ್ಲ ಎಲ್ಲಿ?’ ಎಂದು ಕೇಳಿದ್ದಾನೆ ಎಂದಿಟ್ಟುಕೊಳ್ಳೋಣ.

ಮೊದಲ ಮಾದರಿ: ‘ನೆಮೊ ಉತ್ತರ ಕೊಡಲಿಲ್ಲ. ಮುಖ ತಿರುಗಿಸಿದ.’

ಎರಡನೆಯ ಮಾದರಿ: ‘ನೆಮೊ ಉತ್ತರ ಕೊಡಲಿಲ್ಲ. ಗೋಡೆಯ ಮೇಲಿದ್ದ ಚಿತ್ರವೊಂದನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಟ್ಟ. “ನಿನ್ನ ಕಾಲಿನ ಗಾಯ ತೋರಿಸು, ಮಗು. ಉಪ್ಪುನೀರು ತಾಗಿದರೆ ಕೀವಾಗುತ್ತದೆ” ಎಂದ.’

ಎರಡರಲ್ಲೂ ಗುಟ್ಟು ಉಳಿದಿದೆ. ಆದರೆ ಎರಡನೆಯದರಲ್ಲಿ ಹುಡುಗನ ಪಾತ್ರದವನಿಗೆ ಕನಿಷ್ಠ ಮೂರು ದಾರಿ ತೆರೆದಿದೆ: ಚಿತ್ರದ ಬಗ್ಗೆ ಕೇಳಬಹುದು, ಗಾಯ ತೋರಿಸಬಹುದು, ಹೆದರಿ ಹೊರಗೆ ಓಡಬಹುದು. ಈ ಎರಡನ್ನು ಹೋಲಿಸಿ ಚರ್ಚಿಸಿದ ಮೇಲೆ ಪ್ರಶಿಕ್ಷಣಾರ್ಥಿಗಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ತಪ್ಪನ್ನು ತೊಳೆಯಬಾರದು

ಮಕ್ಕಳಿಗೆ ನೆಮೊ ಬೇಗ ಇಷ್ಟವಾಗುತ್ತಾನೆ. ಅವನ ದುಃಖ ದೊಡ್ಡದು, ಅವನು ಬಡವರ ಪರ. ಆದ್ದರಿಂದ ಅವನು ಮುಳುಗಿಸಿದ ಹಡಗನ್ನು ಮರೆತುಬಿಡುವ ಆಸೆಯೂ ಹುಟ್ಟುತ್ತದೆ. ಅದನ್ನು ಮರೆಯಗೊಟ್ಟರೆ ನಾವು ಸೇಡನ್ನೇ ಶೌರ್ಯವೆಂದು ಕಲಿಸಿದಂತಾಗುತ್ತದೆ. ಹಾಗೆಂದು ಆಟದ ನಡುವೆ ಶಿಕ್ಷಕರು ನೀತಿ ಹೇಳಿದರೆ ಆಟ ಸಾಯುತ್ತದೆ.

ನಾನು ಅನುಸರಿಸುವ ದಾರಿ ಇದು. ದ್ವೀಪದ ಐವರಲ್ಲಿ ಒಬ್ಬರಿಗೆ, ಕಾದಂಬರಿಯಲ್ಲಿಲ್ಲದ ಒಂದು ಹಿನ್ನೆಲೆ ಕೊಡುತ್ತೇನೆ: ಆ ಮುಳುಗಿದ ಹಡಗಿನಲ್ಲಿ ಇವರ ಅಣ್ಣ ನಾವಿಕನಾಗಿದ್ದ. ಈಗ ಔಷಧಿ ಕೊಟ್ಟು ಕಾಪಾಡಿದ ಕೈಯೂ ಅಣ್ಣನನ್ನು ಕೊಂದ ಕೈಯೂ ಒಂದೇ. ಇದನ್ನು ಎದುರಿಸುವ ಭಾರ ಶಿಕ್ಷಕರ ಮೇಲಿಲ್ಲ, ಪಾತ್ರಗಳ ಮೇಲಿದೆ. ಕಾದಂಬರಿಯಲ್ಲೂ ನೆಮೊ ಕೊನೆಗೆ ತನ್ನ ಕಥೆ ಹೇಳಿ, ತೀರ್ಪು ಕೊಡಿ ಎಂದು ದ್ವೀಪದವರನ್ನೇ ಕೇಳುತ್ತಾನೆ. ಮಕ್ಕಳು ತೀರ್ಪು ಕೊಡುವುದು ಆಟ ಮುಗಿದ ಮೇಲೆ, ಪಾತ್ರದಿಂದ ಹೊರಬಂದು. ‘ಅವನ ನೋವು ನಿಜ, ಅವನ ಕೆಲಸ ತಪ್ಪು’ ಎಂಬ ಎರಡು ಮಾತು ಒಟ್ಟಿಗೆ ನಿಲ್ಲಬಹುದೇ ಎಂಬುದು ಚರ್ಚೆಯ ಮುಖ್ಯ ಪ್ರಶ್ನೆ.

ತರಗತಿಗೆ ಹೊಂದಿಸುವುದು

40 ನಿಮಿಷಗಳ ಮೂರು ಅವಧಿಗಳು ಸಾಕು. ಮೊದಲನೆಯದರಲ್ಲಿ ಪಾತ್ರ ಪರಿಚಯ ಮತ್ತು ಗುಟ್ಟಿನ ಚೀಟಿ, ಎರಡನೆಯದರಲ್ಲಿ ಆಟ, ಮೂರನೆಯದರಲ್ಲಿ ಚರ್ಚೆ. ಗುಂಪಿಗೆ ಆರು ಜನ. ಕಂಪ್ಯೂಟರ್ ಕೊಠಡಿ ಇಲ್ಲದ ಶಾಲೆಗಳಲ್ಲಿ ಒಂದೇ ನೋಟ್‌ಬುಕ್ಕನ್ನು ಗುಂಪಿನಲ್ಲಿ ಸುತ್ತಿಸಿ ಇದೇ ನಿಯಮಗಳಿಂದ ಆಡಿಸಬಹುದು. ವೇಗ ಕಡಿಮೆಯಾಗುತ್ತದೆ, ಉದ್ದೇಶ ಕೆಡುವುದಿಲ್ಲ.

ಆನ್‌ಲೈನ್ ಆದಾಗ ಕೆಲವು ಎಚ್ಚರಿಕೆಗಳನ್ನು ಬಿಡುವಂತಿಲ್ಲ. ಆಟ ಶಾಲಾ ಅವಧಿಯಲ್ಲೇ, ಶಿಕ್ಷಕರ ಕಣ್ಣೆದುರಿಗೇ ನಡೆಯಬೇಕು. ಕಡತ ಹೊರಗಿನವರಿಗೆ ತೆರೆಯುವಂತಿರಬಾರದು. ಇಬ್ಬರೇ ಖಾಸಗಿಯಾಗಿ ಆಡುವುದಕ್ಕೆ ಅವಕಾಶ ಬೇಡ. ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ಮೊದಲೇ ತಿಳಿಸಿರಬೇಕು.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಮುಚ್ಚಿದ ಪಾತ್ರದೊಳಗೆ ಮಗು ತನ್ನದೇ ನೋವನ್ನು ಇಟ್ಟು ಬರೆಯಬಹುದು. ಹಾಗನ್ನಿಸಿದರೆ ತರಗತಿಯಲ್ಲಿ ಕೆದಕಬಾರದು. ಅದನ್ನು ಪಾತ್ರದ ಮಾತಾಗಿಯೇ ಸ್ವೀಕರಿಸಿ, ಅನಂತರ ತರಗತಿ ಶಿಕ್ಷಕರೊಂದಿಗೆ ಸಮಾಲೋಚಿಸಬೇಕು. ಗುಟ್ಟಿನ ಚೀಟಿ ನೆಮೊನದು, ಅದನ್ನು ಬರೆದವರದಲ್ಲ ಎಂಬ ಮಾತನ್ನು ಆಟದ ಮೊದಲೂ ಕೊನೆಯಲ್ಲೂ ಹೇಳುವುದು ಒಳ್ಳೆಯದು.

ಮೌಲ್ಯಮಾಪನ

ಯಾರು ಹೆಚ್ಚು ಬರೆದರು ಎಂಬುದು ಮಾನದಂಡವಾಗಬಾರದು. ನಾನು ನೋಡುವುದು ನಾಲ್ಕು ಅಂಶಗಳನ್ನು: ಪಾತ್ರಕ್ಕೆ ತಿಳಿದಿರುವಷ್ಟನ್ನೇ ಬರೆದರೇ, ಮುಂದಿನವರಿಗೆ ಹಿಡಿಕೆ ಬಿಟ್ಟರೇ, ಎದುರಿನವರು ಬಿಟ್ಟ ಹಿಡಿಕೆಯನ್ನು ಗಮನಿಸಿದರೇ, ಭಾಷೆ ಪಾತ್ರಕ್ಕೆ ಒಪ್ಪುವಂತಿತ್ತೇ. ಕೊನೆಯಲ್ಲಿ ಪ್ರತಿಯೊಬ್ಬರೂ ‘ಹೇಳದೆ ತಿಳಿದದ್ದು’ ಎಂಬ ತಲೆಬರಹದಡಿ ಐದು ವಾಕ್ಯ ಬರೆಯುತ್ತಾರೆ: ನೆಮೊ ಬಾಯಿಬಿಡದಿದ್ದರೂ ನಮಗೆ ಏನು ತಿಳಿಯಿತು, ಯಾವ ಸಾಲಿನಿಂದ ತಿಳಿಯಿತು? ಸಾಲನ್ನು ತೋರಿಸಿ ಊಹೆಯನ್ನು ಸಮರ್ಥಿಸುವುದು ಗದ್ಯ ಪಾಠಗಳಲ್ಲಿ ನಾವು ಬಯಸುವ ಓದಿನ ಕೌಶಲವೇ.

ಪ್ರಶಿಕ್ಷಣಾರ್ಥಿಗಳಿಗೆ ಇದರಿಂದ ಇನ್ನೊಂದು ಉಪಯೋಗವನ್ನು ಕಂಡಿದ್ದೇನೆ. ಸಹಪಾಠಿಗಳ ಪಾಠವನ್ನು ವೀಕ್ಷಿಸುವಾಗ, ಉತ್ತರ ಹೇಳದ ಮಗುವಿನ ಮುಂದೆ ಅವರು ‘ಭಾಗವಹಿಸಲಿಲ್ಲ’ ಎಂದು ಬರೆದು ಮುಂದೆ ಹೋಗುವುದುಂಟು. ಮೌನದ ನಡುವೆ ಬಿಟ್ಟ ಹಿಡಿಕೆಗಳನ್ನು ಒಂದು ಕಲ್ಪಿತ ಪಾತ್ರದಲ್ಲಿ ಹುಡುಕಿ ಅಭ್ಯಾಸವಾದವರು, ಆ ಅಂಕಣದಲ್ಲಿ ಮಗು ಯಾರ ಪುಸ್ತಕ ನೋಡುತ್ತಿತ್ತು, ಯಾವ ಪ್ರಶ್ನೆಗೆ ತಲೆಯೆತ್ತಿತು, ಪೆನ್ಸಿಲ್ ಎಲ್ಲಿ ನಿಂತಿತು ಎಂಬುದನ್ನೂ ಬರೆಯತೊಡಗುತ್ತಾರೆ. ಮುಂದಿನ ಪಾಠ ಯೋಜನೆಗೆ ಬೇಕಾದ ಮಾಹಿತಿ ಅಲ್ಲಿಂದಲೇ ಸಿಗುತ್ತದೆ.