ಮಾತ್ರೆ ದೇಶದಲ್ಲಿದೆ, ಕೌಂಟರ್‌ನಲ್ಲಿಲ್ಲ

2022ರ ಆಗಸ್ಟ್. ರಾತ್ರಿ ಒಂಬತ್ತರ ಚರ್ಚೆ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಡೆಸ್ಕ್‌ಗೆ ಬಂದ ಒಂದು ಕಾಲ್ ನನಗೆ ಕೊಟ್ಟರು. ಆ ಕಡೆ ಒಬ್ಬ ಹೆಣ್ಣುಮಗಳು. ಊರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಚ್ಐವಿ ಚಿಕಿತ್ಸೆಯಲ್ಲಿದ್ದಾರೆ. ಮೊದಲು ತಿಂಗಳಿಗೆ ಒಮ್ಮೆ ಹೋಗಿ ಮೂವತ್ತು ದಿನದ ಮಾತ್ರೆ ತರುತ್ತಿದ್ದರಂತೆ. ಈಗ ಏಳೇ ದಿನದ್ದು ಕೊಡ್ತಿದ್ದಾರೆ. ಅಂದರೆ ತಿಂಗಳಿಗೆ ನಾಲ್ಕು ಸಲ ಬಸ್ಸು, ನಾಲ್ಕು ದಿನದ ಕೂಲಿ ಹೋಯ್ತು. ಅದನ್ನಾದರೂ ಹೇಗೋ ಹೊಂದಿಸ್ತೀನಿ ಸರ್ ಅಂದರು. ಅವರ ಕಷ್ಟ ಬೇರೆಯದಿತ್ತು. "ವಾರ ವಾರ ಆಸ್ಪತ್ರೆಗೆ ಯಾಕೆ ಹೋಗ್ತೀಯ ಅಂತ ಅತ್ತೆ ಕೇಳ್ತಿದ್ದಾರೆ. ಏನು ಹೇಳ್ಲಿ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಅವರು ಕೇಳಿದ್ದು ಇನ್ನೂ ಚುಚ್ಚಿತು: "ಇದು ನ್ಯೂಸ್ ಅಲ್ವಾ ಸರ್?"

ಅದೇ ಹೊತ್ತಿನಲ್ಲಿ ದೆಹಲಿಯಲ್ಲಿ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ ಕಚೇರಿಯ ಬಾಗಿಲಲ್ಲಿ ಎಚ್ಐವಿ ಜೊತೆ ಬದುಕುತ್ತಿರುವ ಜನ ಧರಣಿ ಕೂತಿದ್ದರು. ಜುಲೈನಲ್ಲಿ ಶುರುವಾದ ಧರಣಿ 40 ದಿನ ದಾಟಿತು. ಅವರ ಬೇಡಿಕೆ ಒಂದೇ: ಡೊಲುಟೆಗ್ರಾವಿರ್ ಮುಂತಾದ ಔಷಧಿ ಸಿಗ್ತಿಲ್ಲ, ಪೂರೈಸಿ. ನಾವು ಅದನ್ನು ಸ್ಕ್ರೋಲ್‌ನಲ್ಲಿ ಓಡಿಸಿದ್ದೆವು, ಅಷ್ಟೇ. ಡಿಸೆಂಬರ್ 1 ಬಂದರೆ ಮಾತ್ರ ನಮಗೆ ಏಡ್ಸ್ ನೆನಪಾಗೋದು. ನಾನು ಟ್ರೈನಿಯಾಗಿದ್ದಾಗ ಆ ದಿನದ ವಿಶೇಷ ಕಾರ್ಯಕ್ರಮಕ್ಕೆ ತಲೆಬುರುಡೆಯ ಗ್ರಾಫಿಕ್ಸ್, 'ಮಹಾಮಾರಿ' ಅನ್ನೋ ಟೈಟಲ್ಲು ನಾನೇ ಬರೆದುಕೊಟ್ಟಿದ್ದೆ. ಅದನ್ನು ನೋಡಿದ ಎಷ್ಟು ಜನ ಮಾತ್ರೆಯ ಡಬ್ಬಿಯನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟರೋ.

ಮೊದಲು ಒಂದು ವಿಷಯ. ಏಳು ದಿನದ ಮಾತ್ರೆ ಕೊಟ್ಟರೇನು, ಎಂಟನೇ ದಿನ ಹೋಗಿ ತಂದರಾಯ್ತಲ್ಲ ಅನ್ನಬಹುದು. ಎಚ್ಐವಿ ವೈರಸ್ ತನ್ನ ನಕಲನ್ನು ತಾನೇ ಮಾಡಿಕೊಳ್ತಾ ಹೋಗುತ್ತೆ, ಆ ನಕಲಿನಲ್ಲಿ ತಪ್ಪುಗಳೂ ಆಗ್ತಾ ಇರುತ್ತೆ. ಮಾತ್ರೆ ಈ ನಕಲು ಯಂತ್ರವನ್ನು ನಿಲ್ಲಿಸುತ್ತೆ, ಆದರೆ ವೈರಸ್ಸನ್ನು ಪೂರ್ತಿ ಹೊರಹಾಕೋದಿಲ್ಲ. ಮಾತ್ರೆ ನಿಂತರೆ ಯಂತ್ರ ಮತ್ತೆ ಶುರು. ರಕ್ತದಲ್ಲಿ ಔಷಧಿ ಅರೆಬರೆ ಇರುವಾಗ ಶುರುವಾದರೆ ಇನ್ನೂ ಕಷ್ಟ: ಆ ಔಷಧಿಗೆ ಬಗ್ಗದ ನಕಲು ಹುಟ್ಟಿಕೊಂಡರೆ ಮುಂದೆ ಅದೇ ಮಾತ್ರೆ ಕೆಲಸ ಮಾಡಲ್ಲ. ತಪ್ಪದೆ ತಗೊಂಡರೆ ಮಾತ್ರ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತೆ, ಆ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡೋದೂ ಇಲ್ಲ. ಹಾಗಾಗಿ ಔಷಧಿಯ ಸ್ಟಾಕು ಆ ಮನೆಯ ಒಬ್ಬರ ಪ್ರಶ್ನೆ ಮಾತ್ರ ಅಲ್ಲ.

ಈಗ ಸರ್ಕಾರ ಏನು ಹೇಳಿತು ನೋಡಿ. ದೇಶದಲ್ಲಿ ಸಾಕಷ್ಟು ದಾಸ್ತಾನಿದೆ ಅಂತ. ಧರಣಿ ಕೂತವರು ನಮ್ಮ ಕೇಂದ್ರದಲ್ಲಿ ಇಲ್ಲ ಅಂದರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿರಬೇಕು ಅಂತ ನಮಗೆ ಅನಿಸುತ್ತೆ, ಸ್ಟುಡಿಯೋದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ಜಗಳ ಹಚ್ಚೋದು ನಮಗೆ ಗೊತ್ತಿರೋ ವಿದ್ಯೆ. ಆದರೆ ಎರಡೂ ನಿಜ ಇರಬಹುದು. ಕೆಆರ್‌ಎಸ್ ಭರ್ತಿ ಅಂತ ನಾವೇ ಬ್ರೇಕಿಂಗ್ ಹಾಕ್ತೀವಿ, ಬಾಗಿನದ ಲೈವ್ ಕೊಡ್ತೀವಿ. ಅದೇ ವಾರ ಮದ್ದೂರು, ಮಳವಳ್ಳಿ ಕಡೆ ನಾಲೆಯ ಕೊನೇ ಭಾಗದ ರೈತ ನೀರು ಬಂದಿಲ್ಲ ಅಂತ ರಸ್ತೆಗೆ ಕೂತಿರ್ತಾನೆ. ಜಲಾಶಯದ ಲೆಕ್ಕ ಜಲಾಶಯದಲ್ಲಿ ತಗೊಂಡಿದ್ದು, ಗದ್ದೆಯ ಲೆಕ್ಕ ಗದ್ದೆಯಲ್ಲಿ. ಮಾತ್ರೆಯದ್ದೂ ಹಾಗೇ. ಟೆಂಡರು, ಗೋದಾಮು, ರಾಜ್ಯ, ಜಿಲ್ಲೆ, ಕೊನೆಗೆ ಎಆರ್‌ಟಿ ಕೇಂದ್ರದ ಕೌಂಟರ್. ಒಟ್ಟು ಲೆಕ್ಕ ಸರಿ ಇದ್ದೂ ಕೊನೇ ಕಪಾಟು ಖಾಲಿ ಇರಬಹುದು. ಆ ಕಪಾಟಿನ ಸುದ್ದಿ ಮೊದಲು ಗೊತ್ತಾಗೋದು ಅದರ ಮುಂದೆ ನಿಂತವರಿಗೆ. ನಾವು ಎಂಜಿನಿಯರಿಂಗ್‌ನಲ್ಲಿ ಫೀಡ್‌ಬ್ಯಾಕ್ ಅಂತ ಓದ್ತಿದ್ದದ್ದು ಇದನ್ನೇ: ಕೊನೇ ತುದಿಯ ಸಂಗತಿ ಮೊದಲ ತುದಿಗೆ ಮುಟ್ಟದಿದ್ದರೆ ಯಂತ್ರ ಎಷ್ಟು ದೊಡ್ಡದಾದರೂ ಕುರುಡು.

ಹಾಗಾದರೆ ನಿಂತವರು ಯಾಕೆ ಹೇಳಲ್ಲ? ನಾನೂ ಆ ಹೆಣ್ಣುಮಗಳಿಗೆ ಅದನ್ನೇ ಹೇಳಿದೆ. ಕಾನೂನು ಇದೆ, ದೂರು ಕೊಡಿ ಅಂತ. ಎಚ್ಐವಿ ಕಾಯ್ದೆ 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸ್ಥಿತಿಯನ್ನು ಬಯಲು ಮಾಡುವಂತಿಲ್ಲ, ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ. 20 ಜನ ಇರುವ ಆಸ್ಪತ್ರೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕು. ರಾಜ್ಯಕ್ಕೆ ಒಂಬುಡ್ಸ್‌ಮನ್ ಬೇಕು, 30 ದಿನದಲ್ಲಿ ಆದೇಶ ಕೊಡಬೇಕು. ಒಳ್ಳೆ ಕಾನೂನೇ. ಆದರೆ ಚಿಕಿತ್ಸೆ ಕೊಡುವ ಮಾತು ಬಂದಾಗ ಮಾತ್ರ 'ಸಾಧ್ಯವಾದ ಮಟ್ಟಿಗೆ' ಅಂತ ಎರಡು ಪದ ಸೇರಿಸಿಟ್ಟಿದ್ದಾರೆ. ಮಸೂದೆ ಚರ್ಚೆಯಲ್ಲಿದ್ದಾಗಲೇ ಎಚ್ಐವಿ ಸಂಘಟನೆಗಳು ಈ ಪದಗಳನ್ನು ತೆಗೀರಿ ಅಂತ ಬೀದಿಗಿಳಿದಿದ್ದವು. ತೆಗೆಯಲಿಲ್ಲ. ಐದು ವರ್ಷದ ನಂತರ ನ್ಯಾಕೋ ಬಾಗಿಲಲ್ಲಿ ಕೂತಾಗ ಆ ಪದಗಳ ತೂಕ ಎಷ್ಟು ಅಂತ ಗೊತ್ತಾಯ್ತು.

ನನ್ನ ಭಾಷಣ ಎಲ್ಲಾ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ: "ದೂರಿನಲ್ಲಿ ಹೆಸರು ಬರೀಬೇಕಾ ಸರ್?"

ನಾನು ಸುಮ್ಮನಾದೆ. ರಸ್ತೆ ಗುಂಡಿ ಬಗ್ಗೆ ದೂರು ಕೊಟ್ಟರೆ ನಾವು ಹೆಸರು, ಫೋಟೋ ಹಾಕಿಸಿಕೊಳ್ತೀವಿ. ಇಲ್ಲಿ ದೂರು ಕೊಡೋದೆಂದರೆ ತನಗೇನಾಗಿದೆ ಅಂತ ಕಾಗದದ ಮೇಲೆ ಬರೆದುಕೊಟ್ಟ ಹಾಗೆ. ಕೋರ್ಟ್‌ಗೆ ಹೋದರೆ ಬೇರೆ ಹೆಸರಲ್ಲಿ ವಿಚಾರಣೆ ನಡೆಸಲು ಕಾಯ್ದೆಯಲ್ಲಿ ಅವಕಾಶ ಇದೆ, ನಿಜ. ಆದರೆ ತಾಲ್ಲೂಕಿನ ಹೆಣ್ಣುಮಗಳಿಗೆ ಭಯ ಕೋರ್ಟಿನದ್ದಲ್ಲ, ಟಪಾಲು ತೆರೆಯುವ ಗುಮಾಸ್ತನದ್ದು. ಅದಕ್ಕೇ ಈ ವಿಷಯದಲ್ಲಿ ಒಬ್ಬೊಬ್ಬರೇ ಕೇಳೋಕೆ ಆಗಲ್ಲ, ಸಂಘವೇ ಕೇಳಬೇಕು.

ಸಂಘ ಕೇಳಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮೈಸೂರೇ ಇದೆ. 2004ರಲ್ಲಿ ಅಲ್ಲಿ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ನಡುವೆ ಕೆಲಸ ಶುರುವಾಯ್ತು. ಕಾಂಡೋಮ್ ಹಂಚಿ, ಭಾಷಣ ಮಾಡಿ ಬರೋ ಕಾರ್ಯಕ್ರಮ ಅಲ್ಲ ಅದು. ಆ ಮಹಿಳೆಯರೇ ಕೂತು, ಮಾತಾಡಿ, ತಮ್ಮ ಕೇಂದ್ರ, ತಮ್ಮ ಕ್ಲಿನಿಕ್ ಹೇಗಿರಬೇಕು ಅಂತ ಹೇಳಿದರು. ಪೊಲೀಸರ ಹೊಡೆತ, ಪುಂಡರ ಕಾಟ ಬಂದಾಗ ಒಟ್ಟಾಗಿ ಹೋಗಿ ನಿಂತರು. ಅದೇ ಮುಂದೆ ಆಶೋದಯ ಸಮಿತಿಯಾಯ್ತು. ಆರೋಗ್ಯಕ್ಕೂ ಪೊಲೀಸ್ ಹೊಡೆತಕ್ಕೂ ಏನು ಸಂಬಂಧ ಅಂತೀರಾ? ಪೊಲೀಸರನ್ನು ಕಂಡರೆ ಓಡಬೇಕಾದವಳು ಬ್ಯಾಗಿನಲ್ಲಿ ಕಾಂಡೋಮ್ ಇಟ್ಟುಕೊಳ್ಳಲ್ಲ.

ಸುಮಾರು ಎರಡೂವರೆ ವರ್ಷದ ಅಂತರದಲ್ಲಿ ಸಂಶೋಧಕರು ಎರಡು ಸಲ ಅಳೆದರು. ಬಿಡಿ ಗಿರಾಕಿಗಳ ಜೊತೆ ಕೊನೆಯ ಸಲ ಕಾಂಡೋಮ್ ಬಳಸಿದ್ದಾಗಿ ಹೇಳಿದವರು ಶೇ. 65ರಿಂದ 90ಕ್ಕೆ ಏರಿದ್ದರು. ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿದಿತ್ತು. ಎಚ್ಐವಿ ಮಾತ್ರ ಶೇ. 26ರಿಂದ 24, ಹೆಚ್ಚುಕಡಿಮೆ ಇದ್ದಲ್ಲೇ. ಇದನ್ನು ನೋಡಿ 'ಎಚ್ಐವಿ ಇಳೀಲೇ ಇಲ್ಲ, ದುಡ್ಡು ದಂಡ' ಅಂತ ಹೆಡ್‌ಲೈನ್ ಮಾಡೋದು ಸುಲಭ. ಸ್ವಲ್ಪ ತಾಳಿ. ಸಿಫಿಲಿಸ್‌ಗೆ ಔಷಧಿ ಕೊಟ್ಟರೆ ಗುಣವಾಗುತ್ತೆ, ಲೆಕ್ಕದಿಂದ ಹೋಗುತ್ತೆ. ಎಚ್ಐವಿ ಇರುವವರು ಬದುಕಿರುವಷ್ಟು ದಿನ ಲೆಕ್ಕದಲ್ಲಿ ಇರ್ತಾರೆ, ಚಿಕಿತ್ಸೆ ಚೆನ್ನಾಗಿದ್ದಷ್ಟೂ ಹೆಚ್ಚು ದಿನ ಇರ್ತಾರೆ. ಮನೆಯ ಸಂಪಿನ ನಲ್ಲಿ ಬಂದ್ ಮಾಡಿದ ಕೂಡಲೇ ಒಳಗಿರೋ ನೀರಿನ ಮಟ್ಟ ಇಳಿಯಲ್ಲ ಅಲ್ವಾ, ಹಾಗೆ. ಹೊಸ ನೀರು ಬರ್ತಿದೆಯೋ ಇಲ್ಲವೋ ಅಂತ ಬೇರೆಯೇ ನೋಡಬೇಕು.

ಆ ಫೋನಿನ ವಿಷಯಕ್ಕೆ ಬರ್ತೀನಿ. ನ್ಯಾಕೋದ ಉಚಿತ ಸಹಾಯವಾಣಿ 1097 ಇದೆ, ಆ ನಂಬರ್ ಕೊಟ್ಟೆ. ಅವರ ಜಿಲ್ಲೆಯಲ್ಲೂ ಎಚ್ಐವಿ ಇರುವವರ ಒಂದು ಸಂಘ ಇದ್ದೇ ಇತ್ತು, ಅವರಿಗೇ ಗೊತ್ತಿರಲಿಲ್ಲ. ಅಲ್ಲಿಯವರು ಒಂದು ನೋಟ್‌ಬುಕ್ ಇಟ್ಟಿದ್ದರಂತೆ. ಹೆಸರಿಲ್ಲ, ಊರಿಲ್ಲ. ಬಂದ ದಿನಾಂಕ, ಎಷ್ಟು ದಿನದ ಮಾತ್ರೆ ಕೊಟ್ಟರು, ಬಸ್ ಚಾರ್ಜ್ ಎಷ್ಟು, ಕೂಲಿ ಎಷ್ಟು ಹೋಯ್ತು, ಇಷ್ಟೇ. ಸಂಘದ ಲೆಟರ್‌ಹೆಡ್ ಮೇಲೆ ಆ ಪಟ್ಟಿ ಜಿಲ್ಲಾ ಅಧಿಕಾರಿಯ ಮೇಜಿಗೆ ಹೋಯ್ತು. ಸೆಪ್ಟೆಂಬರ್‌ನಲ್ಲಿ ದೆಹಲಿಯ ವಿಷಯವೂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಕೇಂದ್ರಕ್ಕೆ ನೋಟಿಸ್ ಬಂತು. ನಾವು ಆವತ್ತು ಅದನ್ನು ಸ್ಕ್ರೋಲ್‌ನಿಂದ ಎತ್ತಿ ಬುಲೆಟಿನ್‌ಗೆ ತಗೊಂಡೆವು, ಒಂದೂವರೆ ನಿಮಿಷ.

ಕೆಲವು ವಾರದ ಮೇಲೆ ಅದೇ ನಂಬರಿನಿಂದ ಒಂದು ಮೆಸೇಜು ಬಂತು. "ಈ ಸಲ 30 ಕೊಟ್ರು. ಪಟ್ಟಿಯಲ್ಲಿ ಹನ್ನೊಂದನೇ ಸಾಲು ನಂದು ಸರ್."