ತಾತ ಹಾಕಿದ ತಪ್ಪು ಎಣ್ಣೆ

37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಅದು ಸಿಗುವ ತನಕ ಮನೆಗೆ ಹೊರಡುವಂತಿರಲಿಲ್ಲ. ಅಂಥ ನಾನು, ಹಿಂದುಮುಂದು ನೋಡದೆ ಒಂದು ಕೆಲಸ ಮಾಡಿ ಆರನೇ ತರಗತಿಯ ಮೊಮ್ಮಗನ ಮುಂದೆ ತಲೆ ತಗ್ಗಿಸಿದ ಕಥೆ ಇದು.

ಅವನ ಹತ್ತಿರ ರಿಮೋಟಿನಲ್ಲಿ ಓಡುವ ಒಂದು ಕಾರಿದೆ. ನಿಜವಾದ ಕಾರಿನ ಹತ್ತನೇ ಒಂದರಷ್ಟು ಅಳತೆಯದು. ಸೋದರಮಾವ ಆಡಿ ಬಿಟ್ಟಿದ್ದು ಇವನ ಪಾಲಿಗೆ ಬಂತು. ಇಂಥ ಕಾರುಗಳನ್ನು ಜನಪ್ರಿಯಗೊಳಿಸಿದವರಲ್ಲಿ ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿಯೂ ಒಂದು. ಅದರ ಮೊದಲ ರಿಮೋಟ್ ಕಾರು ಬಂದದ್ದು 1976ರಲ್ಲಿ. ಬಿಡಿಭಾಗಗಳ ಪೆಟ್ಟಿಗೆ ತಂದು ಮನೆಯಲ್ಲೇ ಜೋಡಿಸಿಕೊಳ್ಳುವುದು ಈ ಹವ್ಯಾಸದ ಸೊಗಸು.

ನಮ್ಮ ಎದುರಿನ ಖಾಲಿ ಸೈಟಿನಲ್ಲಿ ಮರಳಿನ ಗುಡ್ಡೆಯೊಂದಿದೆ. ಅದರ ಮೇಲಿಂದ ಹಾರಿದ ಕಾರು ನೆಲಕ್ಕೆ ಬಿದ್ದೊಡನೆ ಚೆಂಡಿನಂತೆ ಪುಟಿದು ಮಗುಚಿಕೊಳ್ಳುತ್ತಿತ್ತು. “ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿಹೋಗಿದೆ ತಾತ” ಎಂದ. ಭಾನುವಾರ ಬೀದಿಯ ಹುಡುಗರ ಜೊತೆ ಪಂದ್ಯವಿತ್ತು. ಅವನು ಶಾಲೆಗೆ ಹೋಗಿದ್ದಾಗ, ಆಶ್ಚರ್ಯಪಡಿಸೋಣ ಎಂದು ನಾನೇ ನಾಲ್ಕೂ ಶಾಕ್ ಬಿಚ್ಚಿ ಹೊಲಿಗೆ ಯಂತ್ರದ ಎಣ್ಣೆ ತುಂಬಿಸಿದೆ. ಎಣ್ಣೆ ಎಂದರೆ ಎಣ್ಣೆಯೇ ಅಲ್ಲವೇ ಎಂದುಕೊಂಡಿದ್ದೆ.

ಅಲ್ಲ. ಆ ಶಾಕಿನೊಳಗಿನ ಪುಟ್ಟ ಉಂಗುರಗಳು ಸಿಲಿಕೋನ್ ರಬ್ಬರಿನವು. ಪೆಟ್ರೋಲಿಯಂ ಎಣ್ಣೆ ಅವನ್ನು ಉಬ್ಬಿಸಿಬಿಡುತ್ತದೆ. ಭಾನುವಾರದ ಹೊತ್ತಿಗೆ ಎರಡು ಶಾಕ್ ಒಳಗೇ ಸಿಕ್ಕಿಕೊಂಡಿದ್ದವು. ಕಾರು ಹೊಟ್ಟೆ ಎಳೆದುಕೊಂಡು ಓಡಿತು. ಹುಡುಗರು ನಕ್ಕರು. ಇವನು ಮಾತಾಡದೆ ಕಾರನ್ನು ತಂದು ಮಂಚದ ಕೆಳಗೆ ತಳ್ಳಿದ. ರಾತ್ರಿ ಅಡುಗೆಮನೆಯಲ್ಲಿ ಅವನ ದನಿ ಕೇಳಿಸಿತು: “ಕೇಳದೆ ಯಾಕಜ್ಜಿ ಮುಟ್ಟಬೇಕಿತ್ತು ತಾತ?”

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವನ ಪಕ್ಕ ಕೂತು ಹೇಳಿದೆ: “ತಪ್ಪು ನಂದು ಪುಟ್ಟ. ಹೊಸ ಉಂಗುರ, ಸರಿಯಾದ ಎಣ್ಣೆ ನಾನು ತರಿಸ್ತೀನಿ. ಕೆಲಸ ನೀನು ಹೇಳಿಕೊಡು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಹೇಳೋ ತನಕ ಏನೂ ಮುಟ್ಟಬಾರದು” ಎಂದ. ಒಪ್ಪಿದೆ.

ಮಕ್ಕಳೇ, ಶಾಕ್ ಅಬ್ಸಾರ್ಬರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವನಿಂದ ಕಲಿತೆ. ಹೊರಗಿರುವ ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಒತ್ತಿದರೆ ಒತ್ತಿದಷ್ಟನ್ನೂ ಹಿಂದಕ್ಕೆ ತಳ್ಳುತ್ತದೆ, ಅದಕ್ಕೇ ಕಾರು ಪುಟಿಯುವುದು. ಒಳಗೆ ಎಣ್ಣೆ ತುಂಬಿದ ಕೊಳವೆ. ಅದರಲ್ಲಿ ಸಣ್ಣ ತೂತುಗಳಿರುವ ಬಿಲ್ಲೆಯೊಂದು ಕಡ್ಡಿಯ ತುದಿಯಲ್ಲಿ ಮೇಲೆಕೆಳಗೆ ಹೋಗುತ್ತದೆ. ಎಣ್ಣೆ ಆ ತೂತುಗಳಲ್ಲಿ ನುಸುಳಿಯೇ ಹೋಗಬೇಕು. ಹಾಗೆ ನುಸುಳುವಾಗ ಹೊಡೆತದ ಶಕ್ತಿ ಬಿಸಿಯಾಗಿ ಕರಗುತ್ತದೆ. ಸ್ಕೂಟರಿನಲ್ಲೂ ಇದೇ ತತ್ವ.

ಇದಕ್ಕೆ ಬೇಕಾದದ್ದು ಸಿಲಿಕೋನ್ ಎಣ್ಣೆ. ಅದರ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ ಸೀಸೆಯ ಮೇಲೆ ಬರೆದಿರುತ್ತಾರೆ. ನೀರಿನದು ಸುಮಾರು 1. ನಾವು ತಂದದ್ದು 350 ಮತ್ತು 450. ಸಂಖ್ಯೆ ಹೆಚ್ಚಿದಷ್ಟೂ ಎಣ್ಣೆ ಮಂದ, ಶಾಕಿನ ಚಲನೆ ನಿಧಾನ.

ಜೋಡಿಸುವಾಗ ಉಂಗುರಗಳಿಗೆ ಅದೇ ಎಣ್ಣೆ ಸವರಿ ಕೂರಿಸಬೇಕು. ಕಡ್ಡಿಯನ್ನು ಇಕ್ಕಳದಲ್ಲಿ ನೇರವಾಗಿ ಹಿಡಿಯಬಾರದು. ಗೀರು ಬಿದ್ದರೆ ಅದು ಉಂಗುರವನ್ನು ಕೊಯ್ದು ಎಣ್ಣೆ ಸೋರುತ್ತದೆ. ಬಿಲ್ಲೆಯನ್ನು ಕೆಳಕ್ಕೆಳೆದು, ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಎಣ್ಣೆ ತುಂಬಿಸಿ, ಕಡ್ಡಿಯನ್ನು ಮೆಲ್ಲಗೆ ಮೇಲೆಕೆಳಗೆ ಆಡಿಸಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಅವೆಲ್ಲ ಹೋಗುವ ತನಕ ಕಾಯಬೇಕು. ಗಾಳಿ ಉಳಿದರೆ ಅದು ಸುಲಭವಾಗಿ ಕುಗ್ಗುತ್ತದೆ, ಶಾಕ್ ಒಂದೊಂದು ಸಲ ಒಂದೊಂದು ಥರ ನಡೆದುಕೊಳ್ಳುತ್ತದೆ. ಮೊದಲ ಸಲ ಇವನು ಎರಡೇ ನಿಮಿಷಕ್ಕೆ ಮುಚ್ಚಳ ಹಾಕಹೊರಟ. “ಇನ್ನೂ ಗುಳ್ಳೆ ಇದೆ” ಎಂದೆ. ಹದಿನೈದು ನಿಮಿಷ ಇಬ್ಬರೂ ಕೊಳವೆಯನ್ನೇ ನೋಡುತ್ತಾ ಕೂತೆವು. ಶಾಲೆಯ ವಿಷಯ, ಗೆಳೆಯರ ವಿಷಯ ಎಲ್ಲ ಆಗ ಹೊರಬಂತು. ನಕ್ಕ ಹುಡುಗರ ಮಾತೂ ಬಂತು.

ಸಣ್ಣ ಉಂಗುರ ಕೂರಿಸಲು ನನ್ನ ಕಣ್ಣು ಸಾಲದು, ಕೈ ನಡುಗುತ್ತದೆ. ಆದರೆ ಲೆಕ್ಕದ ಪುಸ್ತಕ ಇಡಲು ಬರುತ್ತದೆ. ಹಳೆಯ ಡೈರಿಯಲ್ಲಿ ಗೆರೆ ಎಳೆದೆ: ತಾರೀಖು, ಎಣ್ಣೆ, ಬಿಲ್ಲೆಯ ತೂತು, ಸ್ಪ್ರಿಂಗ್, ಶಾಕ್ ಕೂರಿಸಿದ ಜಾಗ, ಪರಿಣಾಮ. ಒಂದು ನಿಯಮ ಮಾಡಿದೆವು: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ಪರೀಕ್ಷೆ ಸುಲಭ. ಕಾರನ್ನು ನೆಲದಿಂದ ಒಂದು ಗೇಣು ಎತ್ತಿ ಕೈಬಿಡಿ. ಪುಟಿದರೆ ಎಣ್ಣೆ ತೆಳು. ಕೆಳಗೆ ಕುಕ್ಕರಿಸಿ ತೀರಾ ನಿಧಾನವಾಗಿ ಎದ್ದರೆ ಮಂದ. ಒಮ್ಮೆ ಕುಗ್ಗಿ, ಎದ್ದು, ಅಲ್ಲೇ ನಿಂತರೆ ಸರಿ. ಎಡ, ಬಲ ಎರಡೂ ಒಂದೇ ರೀತಿ ಇರಬೇಕು. ಶಾಕನ್ನು ಹೆಚ್ಚು ಓರೆಯಾಗಿ ಕೂರಿಸಿದರೆ ಮೆತ್ತಗಾಗುತ್ತದೆ, ನೆಟ್ಟಗೆ ಮಾಡಿದರೆ ಬಿಗಿ. ಸ್ಪ್ರಿಂಗಿನ ಮೇಲಿನ ಬಳೆ ತಿರುಗಿಸಿದರೆ ಕಾರಿನ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗಿನ ಬಿಗಿ ಹೆಚ್ಚುವುದಿಲ್ಲ. ಇದನ್ನು ಡೈರಿಯಲ್ಲಿ ಎರಡು ಸಲ ತಪ್ಪು ಬರೆದಿದ್ದೆ, ಅವನು ಕೆಂಪು ಪೆನ್ನಿನಲ್ಲಿ ತಿದ್ದಿದ.

ಮೊದಲು ನಾಲ್ಕಕ್ಕೂ 350 ಹಾಕಿದೆವು. ಬೆಳಿಗ್ಗೆ ಚೆನ್ನಾಗಿದ್ದ ಕಾರು ಏಪ್ರಿಲ್‌ನ ಮಧ್ಯಾಹ್ನ ಮತ್ತೆ ಪುಟಿಯತೊಡಗಿತು. ಡೈರಿಯಲ್ಲಿ ಹೊತ್ತು ಬರೆದಿಟ್ಟದ್ದರಿಂದ ಕಾರಣ ಹೊಳೆಯಿತು: ಬಿಸಿಲಿಗೆ ಎಣ್ಣೆ ತೆಳುವಾಗುತ್ತದೆ. 450ಕ್ಕೆ ಬದಲಿಸಿದೆವು. ಕಾರು ಮರಳ ಗುಡ್ಡೆಯಿಂದ ಹಾರಿ, ನೆಲಕ್ಕೆ ಬಿದ್ದು, ಒಮ್ಮೆ ಕುಗ್ಗಿ ನೇರವಾಗಿ ಓಡಿತು. ಅವನು ತಿರುಗಿ ನೋಡಿದ್ದು ಗೆಳೆಯರ ಕಡೆಗಲ್ಲ, ಗೇಟಿನ ಹತ್ತಿರ ಡೈರಿ ಹಿಡಿದು ನಿಂತಿದ್ದ ನನ್ನ ಕಡೆಗೆ.

ಮುಂದಿನ ಪಂದ್ಯದಲ್ಲಿ ಮೂರನೆಯವನಾದ. ನಕ್ಕ ಹುಡುಗರಲ್ಲೊಬ್ಬ ಈಗ ತನ್ನ ಕಾರು ಹಿಡಿದು ನಮ್ಮ ಜಗಲಿಗೆ ಬರುತ್ತಾನೆ. ಅವನಿಗೂ ಡೈರಿಯಲ್ಲಿ ಒಂದು ಪುಟ ತೆರೆದಿದ್ದೇವೆ.

ನನ್ನ ವಯಸ್ಸಿನವರಿಗೊಂದು ಮಾತು. ಮಕ್ಕಳ ವಸ್ತುವನ್ನು ಕೇಳದೆ ಮುಟ್ಟಬೇಡಿ, ಮುಟ್ಟಿ ಕೆಡಿಸಿದರೆ ಒಪ್ಪಿಕೊಳ್ಳಿ. ನಮ್ಮ ಕಾರಿನ ಹಿಂದಿನ ಎಡ ಶಾಕ್ ಈಗಲೂ ಸ್ವಲ್ಪ ಜಿನುಗುತ್ತಿದೆ. ಭಾನುವಾರ ಬಿಚ್ಚೋಣ ಎಂದಿದ್ದಾನೆ. ಅಲ್ಲಿಯ ತನಕ ನಾನು ಮುಟ್ಟುವುದಿಲ್ಲ.